ಮಾಳಿಗೆಯ ಮೇಲೊಂದು ಟ್ಯೂಬಿಂಗನ್

ವ್ಯಾಕರಣ ಪುಸ್ತಕದಲ್ಲಿದೆ. ಹಾಲು ಶನಿವಾರವೇ ತಂದಿಡಬೇಕು ಎಂಬ ಮಾತು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಹೊರದೇಶದಲ್ಲಿ ಓದುತ್ತಿರುವ ಅಕ್ಕನಿಗೆ ವಿಡಿಯೊ ಕರೆ ಮಾಡಿ, ಒಂದು ನಾಡಿನ ಬದುಕನ್ನು ಕೇಳಿ ಕಲಿಯುವ ಧಾರವಾಡದ ಭಾಷಾ ತರಗತಿಯೊಂದು ಇಲ್ಲಿದೆ

ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಿಂದ ಗಂಟೆಯ ಸದ್ದು. ಒಂದು. ಎರಡು. ಬೆಂಚುಗಳ ಮೇಲೆ ಕೂತ ಹನ್ನೊಂದು ಮಂದಿ ಮುಂದಕ್ಕೆ ಬಾಗಿ ಕಿವಿಗೊಟ್ಟಿದ್ದಾರೆ.

"ಕೇಳಿಸ್ತೇನು? ನಮ್ಮ ಮನಿ ಹಿಂದಿನ ಚರ್ಚಿನ ಗಂಟಿ. ಇಲ್ಲೀಗ ಮಧ್ಯಾಹ್ನ ಎರಡು."

ಧಾರವಾಡದಲ್ಲಿ ಸಂಜೆ ಐದೂವರೆ. ಅಕ್ಟೋಬರಿನ ಸಂಜೆ ಬಿಸಿಲು ಮಾಳಿಗೆಯ ಕಿಟಕಿಯಿಂದ ಇಳಿಯುತ್ತಿದೆ. ಕೆಳಗೆ ಓಣಿಯಲ್ಲಿ ಮಿರ್ಚಿ ಭಜಿ ಕರಿಯುವ ಎಣ್ಣೆಯ ವಾಸನೆ, ಸ್ಕೂಟರುಗಳ ಹಾರ್ನು, ಸಂತೆ ಮುಗಿಸಿ ಬರುವವರ ಗದ್ದಲ. ಪರದೆಯ ಮೇಲಿನ ಹುಡುಗಿ ಫೋನನ್ನು ಕಿಟಕಿಯತ್ತ ತಿರುಗಿಸಿದಳು. ಕಲ್ಲು ಹಾಸಿದ ಇಳಿಜಾರು ಬೀದಿ. ಗೋಡೆಗೆ ಒರಗಿಸಿದ ಸೈಕಲ್ಲುಗಳ ಸಾಲು. ಬಾಗಿಲು ಮುಚ್ಚಿದ ಬೇಕರಿ. ಒಂದು ನರಪಿಳ್ಳೆಯೂ ಇಲ್ಲ.

"ಅಕ್ಕಾರ, ಕರ್ಫ್ಯೂ ಐತೇನ್ರಿ?" ಹಿಂದಿನ ಬೆಂಚಿನ ಹುಡುಗ ಕೇಳಿದ.

"ಇಲ್ಲೋ ತಮ್ಮಾ. ಐತವಾರ."

ಮೂರು ವರ್ಷದ ಹಿಂದೆ ಇದೇ ಬೆಂಚಿನ ಮೇಲೆ ಕೂತು ಜರ್ಮನ್ ನಾಮಪದಗಳ ಲಿಂಗವನ್ನು ಬಾಯಿಪಾಠ ಮಾಡಿದವಳು ಆಕೆ. ಈಗ ನೆಕಾರ್ ನದಿಯ ದಂಡೆಯ ಟ್ಯೂಬಿಂಗನ್‌ನಲ್ಲಿ ಸ್ನಾತಕೋತ್ತರ ಓದುತ್ತಿದ್ದಾಳೆ. ಅಲ್ಲಿನ ವಿಶ್ವವಿದ್ಯಾಲಯ 1477ರಲ್ಲಿ ಆರಂಭವಾದದ್ದು. ಸುಮಾರು 90 ಸಾವಿರ ಜನರ ಊರು, ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲಿನಷ್ಟು ವಿದ್ಯಾರ್ಥಿಗಳು. ತಿಂಗಳಿಗೊಂದು ಭಾನುವಾರ ಆಕೆ ತಾನು ಕಲಿತ ತರಗತಿಗೆ ಮುಕ್ಕಾಲು ಗಂಟೆ ಮೀಸಲಿಡುತ್ತಾಳೆ.

ಆಕೆ ಮೊದಲು ಅಲ್ಲಿಗೆ ತಲುಪಿದ್ದು ಒಂದು ಶನಿವಾರ ರಾತ್ರಿ. ಬೆಳಿಗ್ಗೆ ಎದ್ದು ಹಾಲು, ಅಕ್ಕಿ ತರೋಣವೆಂದು ಚೀಲ ಹಿಡಿದು ಹೊರಟರೆ ಊರೆಲ್ಲ ಬಾಗಿಲು ಹಾಕಿದೆ. ರೈಲು ನಿಲ್ದಾಣದ ಅಂಗಡಿ ತೆರೆದಿರುತ್ತದೆ ಎಂದು ಹೇಳುವವರೂ ಇರಲಿಲ್ಲ. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿಯಲ್ಲೇ ಆ ದಿನ ಕಳೆಯಿತು. "ನಾಲ್ಕು ಪರೀಕ್ಷಾ ಪಾಸಾಗಿ ಬಂದಿದ್ನೆಪಾ, ಐತವಾರ ಅಂಗಡಿ ಬಂದ್ ಇರ್ತಾವು ಅಂತ ಒಂದರಾಗೂ ಕೇಳಿರಲಿಲ್ಲ" ಎಂದಳು.

ಈ ಮೌನಕ್ಕೆ ಸಂವಿಧಾನದ ಬಲವಿದೆ. ಭಾನುವಾರ ದುಡಿಮೆಯಿಂದ ಬಿಡುವಿನ ದಿನ ಎಂದು 1919ರ ವೈಮರ್ ಸಂವಿಧಾನ ಬರೆದಿಟ್ಟಿತು. ಎರಡನೇ ಮಹಾಯುದ್ಧದ ನಂತರ, 1949ರ ಹೊಸ ಮೂಲಕಾನೂನು ಆ ವಿಧಿಯನ್ನು ಹಾಗೆಯೇ ಉಳಿಸಿಕೊಂಡಿತು. ಕ್ರಿಸ್‌ಮಸ್‌ಗೆ ಮುನ್ನಿನ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಬರ್ಲಿನ್ ಅವಕಾಶ ಕೊಟ್ಟಾಗ, 2009ರಲ್ಲಿ ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ಇದನ್ನೆಲ್ಲ ಪಾಠವಾಗಿ ಹೇಳಿದ್ದರೆ ಆ ಹನ್ನೊಂದು ಮಂದಿಯಲ್ಲಿ ಎಷ್ಟು ಜನ ನೆನಪಿಟ್ಟುಕೊಳ್ಳುತ್ತಿದ್ದರೋ! ಕಟಕ ರೊಟ್ಟಿಯ ಕಥೆ ಕೇಳಿದವರು ಮರೆಯುವುದಿಲ್ಲ.

ನೋಡದ ನಾಡಿನ ಮೇಷ್ಟರು

ಈ ತರಗತಿ ನಡೆಸುವ ಶಿಕ್ಷಕಿ ಜರ್ಮನ್ ಕಲಿತದ್ದು ಪುಣೆಯಲ್ಲಿ. ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದಾರೆ. ಜರ್ಮನಿಗೆ ಹೋದವರಲ್ಲ. "ನಾ ನೋಡಿಲ್ರಿ. ನೋಡಿಲ್ಲ ಅಂತ ಹುಡುಗರಿಗೆ ಮೊದಲನೇ ದಿನಾನ ಹೇಳ್ತೇನಿ" ಎಂದು ನೇರವಾಗಿ ಹೇಳುತ್ತಾರೆ. ಆ ಪ್ರಾಮಾಣಿಕತೆಯೇ ಈ ಕರೆಗಳ ಮೂಲ.

ನಾಡನ್ನು ನೋಡದೆಯೇ ಅದರ ಭಾಷೆಯಲ್ಲಿ ಪಳಗಿದವರು ಇವರೊಬ್ಬರೇ ಅಲ್ಲ. ಜರ್ಮನ್ ಕಲಿಸುವ ಗಯಟೆ ಇನ್‌ಸ್ಟಿಟ್ಯೂಟ್‌ಗಳಿಗೆ ಭಾರತದಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಎಂಬ ಹೆಸರಿದೆ. ಆ ಮ್ಯಾಕ್ಸ್ ಮುಲ್ಲರ್ ಹುಟ್ಟಿದ್ದು ಜರ್ಮನಿಯ ಡೆಸ್ಸಾವ್‌ನಲ್ಲಿ, 1823ರಲ್ಲಿ. ಆಕ್ಸ್‌ಫರ್ಡಿನಲ್ಲಿ ಕೂತು ಇಪ್ಪತ್ತೈದು ವರ್ಷ ಶ್ರಮಿಸಿ ಋಗ್ವೇದವನ್ನು ಸಾಯಣಭಾಷ್ಯದೊಂದಿಗೆ ಆರು ಸಂಪುಟಗಳಲ್ಲಿ ಸಂಪಾದಿಸಿದ ವಿದ್ವಾಂಸ. ಅವರು ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಗ್ರಂಥ ಓದಿ ಒಂದು ನಾಡನ್ನು ಎಷ್ಟು ತಿಳಿಯಬಹುದು ಎಂಬುದಕ್ಕೆ ಅವರಿಗಿಂತ ದೊಡ್ಡ ಉದಾಹರಣೆ ಸಿಗದು. ಆದರೆ ಹಾಲು ಎಲ್ಲಿ ಸಿಗುತ್ತದೆ ಎಂಬ ತಿಳಿವಳಿಕೆ ಗ್ರಂಥದಿಂದ ಬರುವುದಿಲ್ಲ.

ಶಿಕ್ಷಕಿ ಕರೆಗೆ ಒಂದೇ ಒಂದು ಕಟ್ಟುನಿಟ್ಟು ಮಾಡಿದ್ದಾರೆ. "ಜರ್ಮನ್ನರು ಹೇಗೆ?" ಎಂದು ಯಾರೂ ಕೇಳಕೂಡದು. "ನಿನ್ನೆ ನೀವು ಏನು ಮಾಡಿದಿರಿ?" ಎಂದು ಕೇಳಬೇಕು.

ಸಣ್ಣ ವ್ಯತ್ಯಾಸವಲ್ಲ ಇದು. ಮೊದಲನೆಯ ಪ್ರಶ್ನೆಗೆ ಬರುವುದು ಎಲ್ಲರೂ ಹೇಳುವ ಉತ್ತರ: ಶಿಸ್ತು, ಸಮಯಪಾಲನೆ, ಬಿಗುಮಾನ. ಎರಡನೆಯದಕ್ಕೆ ಬರುವುದು ಒಂದು ದಿನದ ಬದುಕು. ಹೊರದೇಶದವರ ಜತೆ ಮಾತಿಗೆ ಕೂತ ಎಷ್ಟೋ ತರಗತಿಗಳನ್ನು ನೋಡಿದ್ದೇನೆ. ಬಹುಪಾಲು ಸೋಲುವುದು ಈ ಮೊದಲ ಪ್ರಶ್ನೆಯಲ್ಲೇ.

'ರೀ' ಬಿಡುವುದು ಹೇಗೆ?

ಎರಡನೇ ಬೆಂಚಿನ ಹುಡುಗಿ ಚೀಟಿ ನೋಡಿ ಜರ್ಮನ್‌ನಲ್ಲೇ ಕೇಳಿದಳು: ನಿನ್ನೆ ಯಾರಿಗೆ 'ಡು' ಅಂದಿರಿ, ಯಾರಿಗೆ 'ಝೀ' ಅಂದಿರಿ?

'ಡು' ಎಂದರೆ ನೀನು. 'ಝೀ' ಎಂದರೆ ನೀವು. ಇಂಗ್ಲಿಷಿನಲ್ಲಿ ಇಲ್ಲದ ಈ ಭೇದ ಕನ್ನಡಿಗರಿಗೆ ಸಲೀಸು ಎಂದುಕೊಂಡರೆ ಅಲ್ಲೇ ಎಡವುತ್ತೇವೆ. ಪದಗಳು ಎರಡಿವೆ, ಗೆರೆ ಎಳೆದ ಜಾಗ ಬೇರೆ.

ಟ್ಯೂಬಿಂಗನ್‌ನಲ್ಲಿ ಪರದೆಯ ಮೇಲಿನವಳ ತರಗತಿಯಲ್ಲಿ ಅವಳಿಗಿಂತ ಹದಿನೈದು ವರ್ಷ ದೊಡ್ಡವರೊಬ್ಬರಿದ್ದಾರೆ, ಇಬ್ಬರು ಮಕ್ಕಳ ತಾಯಿ. ವಿದ್ಯಾರ್ಥಿಗಳ ನಡುವೆ ವಯಸ್ಸಿನ ಲೆಕ್ಕವಿಲ್ಲ, ಎಲ್ಲರೂ 'ಡು'. ಈಕೆಯದು ಧಾರವಾಡದ ನಾಲಗೆ, ತರಕಾರಿ ಮಾರುವವರಿಗೂ 'ಏನ್ರಿ', ರಿಕ್ಷಾದವರಿಗೂ 'ಬರ್ರಿ' ಅನ್ನುವ ನಾಲಗೆ. ಒಂದು ತಿಂಗಳು ಆ ಹೆಂಗಸನ್ನು 'ಝೀ' ಎಂದೇ ಕರೆದಳಂತೆ. ಕೊನೆಗೆ ಅವರೇ ಕೇಳಿದರು: ನನ್ನ ಮೇಲೆ ಏನಾದರೂ ಬೇಸರವೇ?

ಗೌರವ ಎಂದು ಇವಳು ಕೊಟ್ಟದ್ದು ಅವರಿಗೆ ದೂರ ಎಂದು ಕಂಡಿತ್ತು.

ತರಗತಿ ಕ್ಷಣಕಾಲ ಸುಮ್ಮನಾಯಿತು. ಆಮೇಲೆ ಶುರುವಾದ ಚರ್ಚೆ ಜರ್ಮನಿಯದಲ್ಲ, ನಮ್ಮದು. ಅವ್ವನಿಗೆ ನೀನು, ಅಪ್ಪನಿಗೆ ನೀವು ಏಕೆ? ಒಬ್ಬಳ ಮನೆಯಲ್ಲಿ ಇಬ್ಬರಿಗೂ 'ನೀ'. ಇನ್ನೊಬ್ಬನ ಮನೆಯಲ್ಲಿ ಅಣ್ಣನಿಗೂ 'ರೀ'. ದೇವರಿಗೆ? ದಾಸರೂ ಶರಣರೂ ದೇವರನ್ನು ಏಕವಚನದಲ್ಲೇ ಮಾತನಾಡಿಸಿದರು. ಜರ್ಮನ್ನರ ಪ್ರಾರ್ಥನೆಯಲ್ಲೂ ದೇವರು 'ಡು' ಎಂದು ಪರದೆಯ ಮೇಲಿನವಳು ಹೇಳಿದಾಗ ಶಿಕ್ಷಕಿಯೇ ಪುಸ್ತಕ ತೆಗೆದು ಬರೆದುಕೊಂಡರು.

ಪುಸ್ತಕದಲ್ಲಿ ಓದಿಯೂ ಎಡವಿದ ಇನ್ನೊಂದು ಕಥೆ ಗಡಿಯಾರದ್ದು. ಸ್ನೇಹಿತೆ 'ಹಾಲ್ಪ್ ನೊಯ್ನ್' ಗಂಟೆಗೆ ಬಾ ಅಂದಿದ್ದಳು. ಹಾಲ್ಪ್ ಅಂದರೆ ಅರ್ಧ, ನೊಯ್ನ್ ಅಂದರೆ ಒಂಬತ್ತು. ನಮ್ಮ ಲೆಕ್ಕದಲ್ಲಿ ಒಂಬತ್ತರ ಮೇಲೆ ಅರ್ಧ, ಒಂಬತ್ತೂವರೆ. ಅವರ ಲೆಕ್ಕದಲ್ಲಿ ಒಂಬತ್ತರತ್ತ ಅರ್ಧ ದಾರಿ, ಎಂಟೂವರೆ. ಈಕೆ ತಲುಪುವಷ್ಟರಲ್ಲಿ ಸ್ನೇಹಿತೆ ಒಂದು ಗಂಟೆ ಕಾದು ಹೊರಟುಹೋಗಿದ್ದಳು. "ಇದಕ್ಕ ಪರೀಕ್ಷೆದಾಗ ನನಗ ಪೂರಾ ಮಾರ್ಕ್ಸ್ ಬಂದಿತ್ತು" ಎಂದು ಆಕೆ ಹೇಳಿದಾಗ ಎಲ್ಲರೂ ತಂತಮ್ಮ ನೋಟ್‌ಬುಕ್ಕಿನ ಆ ಪುಟ ಹುಡುಕಿದರು.

ತಣ್ಣನೆಯ ರಾತ್ರಿ ಊಟ

"ಅಕ್ಕಾರ, ನಿನ್ನೆ ರಾತ್ರಿ ಏನ್ ಊಟ ಮಾಡಿದ್ರಿ?"

"ಬ್ರೆಡ್."

"ಬರೇ ಬ್ರೆಡ್ಡೇನ್ರಿ?"

ಆಕೆ ಫೋನ್ ಹಿಡಿದು ಅಡುಗೆಮನೆಗೆ ನಡೆದಳು. ಮರದ ಹಲಗೆಯ ಮೇಲೆ ಕಂದು ಬಣ್ಣದ ದುಂಡನೆಯ ಬ್ರೆಡ್ಡು, ಅರ್ಧ ಕೊಯ್ದದ್ದು. ಬೆರಳಿನಿಂದ ತಟ್ಟಿ ತೋರಿಸಿದಳು, ಟಕ್ ಟಕ್ ಎಂದಿತು. ಹಿಟ್ಟು ಹುಳಿಬರಿಸಿ ಸುಟ್ಟ ರೈ ಧಾನ್ಯದ ಬ್ರೆಡ್ಡು. ಅದರ ಮೇಲೆ ಬೆಣ್ಣೆ, ಚೀಸು, ಪಕ್ಕದಲ್ಲಿ ಸೌತೆ ಹೋಳು. ಆಬೆಂಡ್‌ಬ್ರೋಟ್, ಅಂದರೆ ಸಂಜೆಯ ಬ್ರೆಡ್ಡು. ರಾತ್ರಿ ಒಲೆ ಹಚ್ಚದೆ ತಣ್ಣಗೆ ಉಣ್ಣುವುದು ಅನೇಕ ಜರ್ಮನ್ ಮನೆಗಳ ಹಳೆಯ ರೂಢಿ.

ಮೊದಲ ವಾರಗಳಲ್ಲಿ ಅಳು ಬಂದಿತ್ತು ಎಂದಳು. ಒಂದು ರಾತ್ರಿ ಜೊತೆಯಲ್ಲಿರುವ ಹುಡುಗಿಯರಿಗೆ ಉಳಿದಿದ್ದ ಕಟಕ ರೊಟ್ಟಿ, ಮೊಸರು, ಚಟ್ನಿ ಹಾಕಿಕೊಟ್ಟಳು. ಅವರು ಮುರಿದು ತಿಂದು, ಇದು ನಿಮ್ಮ ಆಬೆಂಡ್‌ಬ್ರೋಟ್ ಅಲ್ಲವೇ ಎಂದರು. ಹೌದಲ್ಲ! ವಾರಗಟ್ಟಲೆ ಕೆಡದ, ಒಲೆ ಬೇಡದ, ಹೊಲಕ್ಕೂ ಪ್ರಯಾಣಕ್ಕೂ ಕಟ್ಟಿಕೊಂಡು ಹೋಗುವ ರೊಟ್ಟಿ. ಎರಡು ನಾಡಿನ ಒಕ್ಕಲು ಮಕ್ಕಳು ಒಂದೇ ಕಷ್ಟಕ್ಕೆ ಕಂಡುಕೊಂಡ ಎರಡು ಉತ್ತರ.

ಅಡುಗೆಮನೆಯ ಮೂಲೆಯಲ್ಲಿ ಖಾಲಿ ಬಾಟಲಿ ತುಂಬಿದ ಚೀಲವಿತ್ತು. ಒಂಬತ್ತು ಪ್ಲಾಸ್ಟಿಕ್ ಬಾಟಲಿ. ಒಂದೊಂದನ್ನು ಕೊಳ್ಳುವಾಗಲೂ 25 ಸೆಂಟ್ ಠೇವಣಿ ಕಟ್ಟಿರುತ್ತೀರಿ. ಅಂಗಡಿಯ ಯಂತ್ರದ ಬಾಯಿಗೆ ಹಾಕಿದರೆ ಚೀಟಿ ಬರುತ್ತದೆ, ದುಡ್ಡು ವಾಪಸು. ಒಂಬತ್ತಕ್ಕೆ ಎರಡೂಕಾಲು ಯೂರೊ. "ನಾಳೆ ಸೋಮವಾರದ ಹಾಲಿನ ದುಡ್ಡು ಇದರಾಗ ಬರ್ತದ."

ಅದರ ಪಕ್ಕ ಜಾಮ್ ಶೀಸೆಗಳು. ಇವಕ್ಕೆ ಠೇವಣಿ ಇಲ್ಲ. ಬಿಳಿ, ಕಂದು, ಹಸಿರು ಗಾಜನ್ನು ಬೀದಿಯ ಬೇರೆಬೇರೆ ಡಬ್ಬಿಗೆ ಹಾಕಬೇಕು. ಆದರೆ ಇವತ್ತಲ್ಲ. ಗಾಜು ಒಡೆಯುವ ಸದ್ದು ಭಾನುವಾರ ನಿಷಿದ್ಧ. ಗುಜರಿ ಅಂಗಡಿಯ ಮಗನೊಬ್ಬ ಆ ತರಗತಿಯಲ್ಲಿದ್ದಾನೆ. ಆವರೆಗೆ ಬಾಯಿ ಬಿಡದವನು ಎದ್ದು ನಿಂತು, ಯಂತ್ರ ಒಡೆದ ಬಾಟಲಿ ತಗೋತದೇನು, ಮುಚ್ಚಳ ಇಲ್ಲದಿದ್ದರೆ ದುಡ್ಡು ಕಡಿಮೆ ಆಗ್ತದೇನು ಎಂದು ಕೇಳತೊಡಗಿದ. ಅರ್ಧ ಜರ್ಮನ್, ಅರ್ಧ ಕನ್ನಡ. ಅವನು ಅಷ್ಟು ಹೊತ್ತು ಜರ್ಮನ್ ಮಾತಾಡಿದ್ದು ಅದೇ ಮೊದಲು ಎಂದು ಶಿಕ್ಷಕಿ ನನ್ನ ಕಿವಿಯಲ್ಲಿ ಹೇಳಿದರು.

---

ಚೌಕಟ್ಟು: ಹೋಗುವವರ ಲೆಕ್ಕ

● 2024–25ರ ಚಳಿಗಾಲದ ಸೆಮಿಸ್ಟರ್‌ನಲ್ಲಿ ಜರ್ಮನಿಯಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 59 ಸಾವಿರ. ಅಲ್ಲಿನ ವಿದೇಶಿ ವಿದ್ಯಾರ್ಥಿಗಳಲ್ಲಿ ಚೀನಾವನ್ನು ಹಿಂದಿಕ್ಕಿ ಭಾರತ ಮೊದಲ ಸ್ಥಾನದಲ್ಲಿದೆ.

● ವೀಸಾಕ್ಕೆ ಮುನ್ನ ನಿರ್ಬಂಧಿತ ಖಾತೆಯಲ್ಲಿ ತೋರಿಸಬೇಕಾದ ಹಣ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ. ತಿಂಗಳಿಗೆ ತೆಗೆಯಬಹುದಾದದ್ದು 992.

● 'ಜರ್ಮನಿಯಲ್ಲಿ ಓದು ಉಚಿತ' ಎಂಬುದು ಪೂರ್ತಿ ನಿಜವಲ್ಲ. ಟ್ಯೂಬಿಂಗನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ಪಡೆಯುತ್ತಿದೆ.

● ಓದುತ್ತಾ ದುಡಿಯಲು ಮಿತಿ: 2024ರಿಂದ ವರ್ಷಕ್ಕೆ 140 ಪೂರ್ಣ ದಿನ, ಇಲ್ಲವೇ 280 ಅರ್ಧ ದಿನ.

---

ಹಳೆಯ ಬಯಕೆ, ಹೊಸ ಪರದೆ

ಭಾಷೆ ಕಲಿಯುವವರನ್ನು ಆ ಭಾಷೆಯ ಬದುಕಿನೊಳಗೆ ಇರುವವರ ಜತೆ ಮಾತಿಗೆ ಕೂರಿಸುವುದು ಇಂದಿನ ಯೋಚನೆಯಲ್ಲ. ಮೂರು ಯುದ್ಧ ಮಾಡಿ ದಣಿದಿದ್ದ ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಎಲಿಸೇ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ, ಎರಡೂ ಕಡೆಯ ಯುವಕರನ್ನು ಜೋಡಿ ಮಾಡಿ ಒಬ್ಬರ ಭಾಷೆಯನ್ನು ಇನ್ನೊಬ್ಬರು ಕಲಿಯುವ ಕ್ರಮ ಅಲ್ಲಿ ಬೇರೂರಿತು. ಇಬ್ಬರು ತುಳಿಯುವ ಸೈಕಲ್ಲಿನ ಹೆಸರು ಅದಕ್ಕೆ, ಟ್ಯಾಂಡಮ್.

ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಅದು ಟೆಲಿಟ್ಯಾಂಡಮ್ ಆಗಿ ವಿಡಿಯೊ ಕರೆಗೆ ಏರಿತು.

ನನಗೆ ಹೆಚ್ಚು ಹಿಡಿಸಿದ್ದು 1997ರಲ್ಲಿ ಅಮೆರಿಕದ ಎಂಐಟಿಯ ಫ್ರೆಂಚ್ ತರಗತಿಯಲ್ಲಿ ಶುರುವಾದ 'ಕಲ್ಚುರಾ' ಪ್ರಯೋಗ. ಅಮೆರಿಕನ್ ಮತ್ತು ಫ್ರೆಂಚ್ ವಿದ್ಯಾರ್ಥಿಗಳ ಎದುರು ಒಂದೇ ಪದ ಇಟ್ಟು, ಅದು ಏನನ್ನು ನೆನಪಿಸುತ್ತದೆ ಬರೆಯಿರಿ ಎಂದರು. ವ್ಯಕ್ತಿವಾದ ಎಂಬ ಪದಕ್ಕೆ ಅಮೆರಿಕನ್ನರು ಸ್ವಾತಂತ್ರ್ಯ, ಸ್ವಂತಿಕೆ ಎಂದು ಬರೆದರು. ಫ್ರೆಂಚರು ಬರೆದದ್ದು ಸ್ವಾರ್ಥ. ನಿಘಂಟಿನಲ್ಲಿ ಒಂದೇ ಆಗಿರುವ ಪದ ಎರಡು ಮನಸ್ಸಿನಲ್ಲಿ ಎರಡು. ಅಲ್ಲಿ ಎಲ್ಲರೂ ತಂತಮ್ಮ ತಾಯ್ನುಡಿಯಲ್ಲೇ ಬರೆದರು. ಕಲಿಯುವ ಭಾಷೆಯಲ್ಲಿ ಬಾಯಿ ತಡವರಿಸಿದರೆ ಮನಸ್ಸೂ ತಡವರಿಸುತ್ತದೆ ಎಂಬುದು ಅದನ್ನು ರೂಪಿಸಿದವರಿಗೆ ಗೊತ್ತಿತ್ತು.

ಧಾರವಾಡದ ಕರೆಯಲ್ಲೂ ಮೊದಲ ಇಪ್ಪತ್ತು ನಿಮಿಷ ಜರ್ಮನ್, ಉಳಿದದ್ದು ಕನ್ನಡ. ಈ ಕನ್ನಡದ ಪಾಲು ಕಡಿಮೆ ಮಾಡಬಾರದು. ಮುಖ್ಯವಾದ ಪ್ರಶ್ನೆಗಳೆಲ್ಲ ಅಲ್ಲಿಯೇ ಬಂದವು.

ಧಾರವಾಡಕ್ಕೂ ಟ್ಯೂಬಿಂಗನ್‌ಗೂ ಹಳೆಯ ನಂಟಿದೆ. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಇಪ್ಪತ್ತೊಂದರ ಹರೆಯದಲ್ಲಿ ಕನ್ನಡ ನಾಡಿಗೆ ಬಂದರು. ಸುಮಾರು 70 ಸಾವಿರ ಪದಗಳ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1903ರಲ್ಲಿ ಅವರು ತೀರಿಕೊಂಡದ್ದು ಇದೇ ಟ್ಯೂಬಿಂಗನ್‌ನಲ್ಲಿ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ನಿಘಂಟು ತೆರೆದು ನೋಡಿ, ಪದದ ಅರ್ಥದ ಜೊತೆಗೆ ಜನ ಆಡುವ ಗಾದೆಗಳನ್ನೂ ಅವರು ಪೋಣಿಸಿದ್ದಾರೆ. ಗಾದೆ ಸಿಗುವುದು ಜನರ ಬಾಯಲ್ಲಿ. ಕಿಟೆಲ್ ಅದನ್ನು ಕೇಳಲು ಸಮುದ್ರ ದಾಟಿ ಬಂದು ಕೂತರು. ನಮ್ಮ ಹುಡುಗರಿಗೆ ಒಂದು ಲ್ಯಾಪ್‌ಟಾಪು ಸಾಕಾಗಿದೆ.

---

ಚೌಕಟ್ಟು: ಕರೆಗೆ ಕೂರುವ ಮುನ್ನ

● ಪ್ರಶ್ನೆಗಳನ್ನು ಎರಡು ದಿನ ಮೊದಲೇ ಕಳಿಸಿ. ಅತ್ತಲಿನವರಿಗೂ ಪದ ಹುಡುಕಲು ಸಮಯ ಬೇಕು.

● ಹತ್ತು ಮಂದಿಗೆ ಒಂದೇ ಪರದೆ, ಒಂದೇ ಮೈಕ್ ಇರಲಿ. ಎಲ್ಲರೂ ತಂತಮ್ಮ ಫೋನಿನಿಂದ ಸೇರಿದರೆ ಮಾತು ಚದುರುತ್ತದೆ.

● ವಸ್ತು ತೋರಿಸಲು ಕೇಳಿ: ಬಸ್ ಟಿಕೆಟು, ಕಪಾಟು, ಕಸದ ಡಬ್ಬಿ, ಬಾಗಿಲ ಮೇಲಿನ ಹೆಸರು.

● ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಬೇಡಿ. ಜೊತೆಯಲ್ಲಿ ವಾಸಿಸುವವರ ಮುಖ, ಕೋಣೆ ಬೇಡ.

● ನೀವೂ ಏನಾದರೂ ತೋರಿಸಿ. ಕೇಳುವವರು ಮಾತ್ರ ಆಗಬೇಡಿ.

---

ಒಂದು ಪ್ರಶ್ನೆಗೆ ಬಂದ ಮೌನ

ಕೊನೆಯ ಹತ್ತು ನಿಮಿಷ. "ಅಕ್ಕಾರ, ನಿಮ್ಮನ್ನ ಯಾರರೆ ಕೀಳಾಗಿ ನೋಡ್ಯಾರೇನ್ರಿ?"

ಆಕೆ ತಕ್ಷಣ ಉತ್ತರಿಸಲಿಲ್ಲ. ನೆಟ್‌ವರ್ಕ್ ಹೋಯಿತೇನೋ ಎಂದು ಒಬ್ಬರು ಪರದೆ ಮುಟ್ಟಿ ನೋಡಿದರು.

"ಮನಿ ಹುಡುಕೋವಾಗ" ಎಂದಳು. ಕೋಣೆಗಾಗಿ ನಲವತ್ತಕ್ಕೂ ಹೆಚ್ಚು ಮನೆಗಳಿಗೆ ಬರೆದಿದ್ದಳು. ಬಹಳಷ್ಟು ಕಡೆಯಿಂದ ಉತ್ತರವೇ ಬರಲಿಲ್ಲ. ಜರ್ಮನ್ ಹೆಸರಿನ ಗೆಳತಿ ಬರೆದಾಗ ಅದೇ ಮನೆಯಿಂದ ಮರುದಿನವೇ ಕರೆ ಬಂತು. ಬಸ್ಸಿನಲ್ಲಿ ಒಮ್ಮೆ ಒಬ್ಬ ಮುದುಕ ಏನೋ ಗೊಣಗಿದ. ಅದೇ ಬಸ್ಸಿನಲ್ಲಿ ಇನ್ನೊಬ್ಬ ಮುದುಕಿ ಎದ್ದು ಬಂದು ಇವಳ ಪಕ್ಕ ಕೂತರು, ಇಳಿಯುವವರೆಗೂ ಮಾತಾಡಿದರು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ಆಗ ಮನೆಯ ನೆನಪು ಗಂಟಲಿಗೆ ಬರುತ್ತದೆ ಎಂದಳು. ಅಳಲಿಲ್ಲ, ನಗಲೂ ಇಲ್ಲ.

ಮುಂದಿನ ಬೆಂಚಿನ ಹುಡುಗಿಯ ವೀಸಾ ಸಂದರ್ಶನ ಮುಂದಿನ ತಿಂಗಳಿದೆ. ಅವಳು ಪೆನ್ನು ಕೆಳಗಿಟ್ಟು ಕೇಳುತ್ತಿದ್ದಳು. ಹೊರದೇಶಕ್ಕೆ ಕಳಿಸುವ ದಲ್ಲಾಳಿ ಕಚೇರಿಗಳ ಬಣ್ಣದ ಪುಸ್ತಿಕೆಗಳಲ್ಲಿ ಈ ಮಾತು ಇರುವುದಿಲ್ಲ. ಅಲ್ಲಿ ಇರುವುದು ಹಸಿರು ಹುಲ್ಲು, ನಗುಮುಖ. ಸಾಲ ಮಾಡಿ ಮಕ್ಕಳನ್ನು ಕಳಿಸುವ ತಂದೆತಾಯಿಯರಿಗೆ ಈ ಹತ್ತು ನಿಮಿಷ ಸಿಗಲೇಬೇಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಒಬ್ಬಳ ಕಿಟಕಿಯಿಂದ ಕಂಡದ್ದು ಒಂದು ಬೀದಿ. ಟ್ಯೂಬಿಂಗನ್ ನೋಡಿ ಬರ್ಲಿನ್ ತಿಳಿಯಿತು ಎನ್ನಲಾಗದು, ಧಾರವಾಡ ನೋಡಿ ಮಂಗಳೂರು ತಿಳಿಯದ ಹಾಗೆ. ಅದಕ್ಕೆಂದೇ ಶಿಕ್ಷಕಿ ಮುಂದಿನ ತಿಂಗಳು ಜರ್ಮನಿಯ ಪೂರ್ವ ಭಾಗದ ಡ್ರೆಸ್ಡೆನ್‌ನಲ್ಲಿರುವ ಇನ್ನೊಬ್ಬ ಹಳೆಯ ವಿದ್ಯಾರ್ಥಿಗೆ ಕರೆ ಮಾಡುತ್ತಾರೆ, ಅದೇ ಪ್ರಶ್ನೆಗಳನ್ನೇ ಕೇಳಿಸುತ್ತಾರೆ. 'ಜರ್ಮನ್ ರೈಲು ಎಂದರೆ ಗಡಿಯಾರ' ಎಂದು ನಂಬಿದ್ದ ಹುಡುಗನಿಗೆ ಶಿಕ್ಷಕಿ ಅಂಕಿಅಂಶ ತೋರಿಸಿದ್ದರು: 2024ರಲ್ಲಿ ಅಲ್ಲಿನ ದೂರಪ್ರಯಾಣದ ರೈಲುಗಳಲ್ಲಿ ಸಮಯಕ್ಕೆ ತಲುಪಿದ್ದು ನೂರಕ್ಕೆ ಸುಮಾರು 62 ಮಾತ್ರ.

ಕರೆ ಮುಗಿಯುವ ಹೊತ್ತಿಗೆ ಆಕೆ ಒಂದು ರೂಢಿ ಹೇಳಿಕೊಟ್ಟಳು. ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ ಉಪನ್ಯಾಸ ಮುಗಿದಾಗ ಚಪ್ಪಾಳೆ ತಟ್ಟುವುದಿಲ್ಲ, ಬೆರಳಗೆಣ್ಣಿನಿಂದ ಮೇಜು ಕುಟ್ಟುತ್ತಾರೆ. ಹನ್ನೊಂದು ಮಂದಿ ಬೆಂಚು ಕುಟ್ಟಿದರು. ಕೆಳಗಿನ ಮನೆಯ ಅಜ್ಜಿ ಏನಾಯಿತೆಂದು ಮೆಟ್ಟಿಲು ಹತ್ತಿ ಬಂದು, ಪರದೆಯ ಮೇಲೆ ಪರಿಚಿತ ಮುಖ ಕಂಡು, "ಊಟ ಆತೇನವಾ?" ಎಂದರು. ಮುಕ್ಕಾಲು ಗಂಟೆ ಉತ್ತರ ಹೇಳಿದ ಹುಡುಗಿ ಇದಕ್ಕೆ ಮಾತ್ರ ತಲೆ ಆಡಿಸಿದಳು. ಅವಳ ಪಾಲಿಗೆ ಈ ಕರೆ ಏನು ಎಂಬುದು ನನಗೆ ಆಗ ಗೊತ್ತಾಯಿತು.

ನಿಮ್ಮ ಮನೆಯ ಮಗನೋ ಮಗಳೋ ಹೊರದೇಶದಲ್ಲಿ ಓದುತ್ತಿದ್ದರೆ, ಅವರು ಭಾಷೆ ಕಲಿತ ತರಗತಿಗೆ ತಿಂಗಳಿಗೊಮ್ಮೆ ಮುಕ್ಕಾಲು ಗಂಟೆ ಕೊಡಲು ಹೇಳಿ. ನೀವು ಭಾಷೆ ಕಲಿಸುವವರಾಗಿದ್ದರೆ ಹಳೆಯ ವಿದ್ಯಾರ್ಥಿಗಳ ಹಾಜರಿ ಪುಸ್ತಕ ತೆರೆದು ಒಬ್ಬರಿಗೆ ಇವತ್ತೇ ಸಂದೇಶ ಕಳಿಸಿ. ಜರ್ಮನಿಗೆ ಕರೆ ಮಾಡುವವರಾದರೆ ಒಂದು ನೆನಪಿಡಿ: ಅಕ್ಟೋಬರಿನ ಕೊನೆಯ ಭಾನುವಾರ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅಲ್ಲಿಂದ ಮಾರ್ಚಿನ ಕೊನೆಯವರೆಗೆ ಅವರ ಮಧ್ಯಾಹ್ನ ಎರಡು ಗಂಟೆ ಅಂದರೆ ನಮ್ಮ ಸಂಜೆ ಆರೂವರೆ.